ಪರಂಪರೆಯ ಬಟ್ಟೆ, ಇಂದಿನ ಉಡುಪು: ಆಯ್ಕೆಯಿಂದ ಹೊಲಿಗೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಾಂಪ್ರದಾಯಿಕ ಕಲೆಯನ್ನೂ ಆಧುನಿಕ ಶೈಲಿಯನ್ನೂ ಬೆಸೆದಿವೆ ಎಂದು ಹೇಳಿಕೊಳ್ಳುವ ಉಡುಪುಗಳಲ್ಲಿ ಹೆಚ್ಚಿನವು ಮಾಡಿರುವುದು ಇಷ್ಟೆ: ಯಾವುದೋ ಜನಪದ ಚಿತ್ರದ ಒಂದು ತುಣುಕನ್ನು ಎತ್ತಿ ಟೀ ಶರ್ಟಿನ ಎದೆಗೋ ಜಾಕೆಟ್ಟಿನ ಬೆನ್ನಿಗೋ ಅಚ್ಚು ಹಾಕಿರುತ್ತವೆ. ಅಲ್ಲಿ ಪರಂಪರೆ ಅಂಟಿಸಿದ ಚೀಟಿಯಾಗಿ ಉಳಿಯುತ್ತದೆ. ಬಟ್ಟೆ ಎಷ್ಟು ಅಗಲದ ಮಗ್ಗದಲ್ಲಿ ಹುಟ್ಟಿತು, ಅದರ ಅಂಚು ಯಾಕೆ ಗಟ್ಟಿಯಾಗಿದೆ, ಅದನ್ನು ನೇಯ್ದವರು ಅದು ಮೈಮೇಲೆ ಹೇಗೆ ಕೂರಬೇಕೆಂದು ಭಾವಿಸಿದ್ದರು ಎಂಬ ಯಾವ ಪ್ರಶ್ನೆಯೂ ಉಡುಪಿನ ಆಕಾರವನ್ನು ಮುಟ್ಟಿರುವುದಿಲ್ಲ. ಈ ಮಾರ್ಗದರ್ಶಿ ಹಿಡಿಯುವ ದಾರಿ ಬೇರೆ. ಚಿತ್ರಕ್ಕಿಂತ ಮೊದಲು ಬಟ್ಟೆಯ ರಚನೆಯನ್ನು ಅರಿತು, ಆ ರಚನೆಯೇ ಕತ್ತರಿಯ ದಾರಿಯನ್ನು ನಿರ್ಧರಿಸುವಂತೆ ಮಾಡುವುದು ಇದರ ಕ್ರಮ.

ಈ ಕ್ರಮ ಹೊಸದೇನಲ್ಲ. ಸ್ಪೇನ್ ಮೂಲದ ವಿನ್ಯಾಸಕ ಮರಿಯಾನೊ ಫಾರ್ಚೂನಿ ತಮ್ಮ ಸಂಗಾತಿ ಹೆನ್ರಿಯೆಟ್ ನೆಗ್ರಿನ್ ಅವರೊಂದಿಗೆ 20ನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ 'ಡೆಲ್ಫೋಸ್' ಉಡುಪು ಪ್ರಾಚೀನ ಗ್ರೀಕರ ಹೊದಿಕೆಯಿಂದ ಹುಟ್ಟಿದ್ದು, ಅದರಲ್ಲಿ ಗ್ರೀಕ್ ಚಿತ್ರಗಳನ್ನು ಹುಡುಕಬೇಕಿಲ್ಲ. ಮೈಮೇಲೆ ಇಳಿಯುವ ಸಣ್ಣ ನೆರಿಗೆಗಳೇ ಆ ಸಂಬಂಧವನ್ನು ಹೇಳುತ್ತವೆ. ಜಪಾನಿನ ಇಸ್ಸೆ ಮಿಯಾಕೆ 1998ರಲ್ಲಿ ದೈ ಫುಜಿವಾರಾ ಅವರೊಂದಿಗೆ ಆರಂಭಿಸಿದ 'ಎ-ಪಿಒಸಿ' ಯೋಜನೆಯ ಹೆಸರಿನ ಅರ್ಥವೇ ಒಂದು ತುಂಡು ಬಟ್ಟೆ ಎಂದು. ಕಿಮೋನೋದ ಹಿಂದಿರುವ ಆಲೋಚನೆಯನ್ನು, ಅಂದರೆ ಬಟ್ಟೆಯನ್ನು ಕಡಿಮೆ ಕತ್ತರಿಸಿ ದೇಹಕ್ಕೂ ಬಟ್ಟೆಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಡುವುದನ್ನು, ಅವರು ಗಣಕಯಂತ್ರ ನಡೆಸುವ ಹೆಣಿಗೆಯವರೆಗೂ ಒಯ್ದರು.

ಮೊದಲ ಹಂತ: ಒಂದೇ ಪರಂಪರೆಯನ್ನು ಆರಿಸಿ, ಅದರ ಅಳತೆಗಳನ್ನು ತಿಳಿಯಿರಿ

ಒಂದು ಉಡುಪಿಗೆ ಒಂದೇ ಪರಂಪರೆ ಸಾಕು. ಮೂರು ನಾಡುಗಳ ಕಸೂತಿಯನ್ನು ಒಂದೇ ಜಾಕೆಟ್ಟಿನಲ್ಲಿ ಸೇರಿಸಿದರೆ ನೋಡುವವರಿಗೆ ಯಾವುದೂ ಕಾಣುವುದಿಲ್ಲ. ಆರಿಸಿಕೊಂಡ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ವಿನ್ಯಾಸದ ಅರ್ಥ ಏನೆಂಬುದಲ್ಲ, ಮಗ್ಗದ ಅಗಲ ಎಷ್ಟೆಂಬುದು. ಘಾನಾದ ಅಸಾಂಟೆ ಮತ್ತು ಎವೆ ನೇಕಾರರ ಕೆಂಟೆ ಬಟ್ಟೆ ಸುಮಾರು 10 ಸೆಂ.ಮೀ. ಅಗಲದ ಪಟ್ಟಿಗಳಾಗಿ ಮಗ್ಗದಿಂದ ಇಳಿಯುತ್ತದೆ. ಆ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿದಾಗ ಮಾತ್ರ ದೊಡ್ಡ ಹೊದಿಕೆ ಸಿದ್ಧವಾಗುತ್ತದೆ. ಆದ್ದರಿಂದ ಕೆಂಟೆಯಿಂದ ಉಡುಪು ಮಾಡುವವರಿಗೆ ಪಟ್ಟಿಯೇ ಮೂಲಮಾನ: ಕಾಲರ್, ತೋಳಿನ ಕೊನೆ, ಮುಂಭಾಗದ ಪಟ್ಟಿ ಇವೆಲ್ಲವೂ 10 ಸೆಂ.ಮೀ. ಅಗಲವನ್ನು ಒಪ್ಪಿಕೊಂಡರೆ ಬಟ್ಟೆಯನ್ನು ಉದ್ದಕ್ಕೆ ಸೀಳುವ ಪ್ರಸಂಗವೇ ಬರುವುದಿಲ್ಲ. ಕಿಮೋನೋದ ಬಟ್ಟೆ ಸುಮಾರು 36ರಿಂದ 38 ಸೆಂ.ಮೀ. ಅಗಲದ್ದು, ಅಲ್ಲಿ ಬೆನ್ನಿನ ನಡುವೆ ಬರುವ ಹೊಲಿಗೆ ಅಲಂಕಾರಕ್ಕಾಗಿ ಬಂದದ್ದಲ್ಲ, ಅಗಲದ ಕೊರತೆಯಿಂದ ಹುಟ್ಟಿದ್ದು. ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಮಹಿಳೆಯರು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯುವ ಹುಯಿಪಿಲ್ ಎಂಬ ಮೇಲುಡುಪು ಕೂಡ ಕತ್ತರಿಸದ ಆಯತಗಳ ಜೋಡಣೆಯೇ.

ಇಳಕಲ್ ಸೀರೆಯ ಉದಾಹರಣೆ ಇನ್ನೊಂದು ಬಗೆಯದು. ಒಡಲಿನ ಹಾಸಿಗೂ, ಅಂದರೆ ಉದ್ದಕ್ಕೆ ಹಾಯುವ ಎಳೆಗಳಿಗೂ, ಸೆರಗಿನ ರೇಷ್ಮೆಯ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುವ ತೋಪು ತೆನಿ ಎಂಬ ವಿಧಾನದಲ್ಲಿ ಅದು ತಯಾರಾಗುತ್ತದೆ. ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಆ ಗೆರೆಯಲ್ಲಿ ನೇಕಾರಿಕೆಯ ಅತ್ಯಂತ ಕಷ್ಟದ ಕೆಲಸ ಅಡಗಿದೆ. ಇಂಥ ಸೀರೆಯಿಂದ ಉಡುಪು ಹೊಲಿಯುವವರು ಬಹಳ ಸಲ ಸೆರಗನ್ನು ಬೇರೆ, ಒಡಲನ್ನು ಬೇರೆ ಕತ್ತರಿಸಿ ಆ ಗೆರೆಯನ್ನು ಹೊಲಿಗೆಯೊಳಗೆ ಮಡಚಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸೀರೆಯ ಸಾರವನ್ನೇ ಎಸೆದಂತೆ. ಆ ಗೆರೆ ಬೆನ್ನಿನ ಮೇಲೆ ಅಥವಾ ತೋಳಿನ ನಡುವೆ ಕಾಣುವಂತೆ ಇಡೀ ವಿನ್ಯಾಸವನ್ನು ಕಟ್ಟಿಕೊಳ್ಳಬೇಕು.

ಬಟ್ಟೆಯ ಎರಡೂ ಮೈಗಳನ್ನು ನೋಡುವುದು ಇದೇ ಹಂತದ ಕೆಲಸ. ಪಾಟಣದ ಪಟೋಲದಂಥ ಜೋಡಿ ಇಕತ್‌ನಲ್ಲಿ ಹಾಸಿನ ಎಳೆಗಳಿಗೂ ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗಳಿಗೂ ನೇಯುವ ಮೊದಲೇ ಲೆಕ್ಕಹಾಕಿ ಬಣ್ಣ ಕಟ್ಟಿರುವುದರಿಂದ ಚಿತ್ರ ಎರಡೂ ಕಡೆ ಒಂದೇ ರೀತಿ ಮೂಡುತ್ತದೆ. ಅಂಥ ಬಟ್ಟೆಗೆ ಒಳಗಿನಿಂದ ಅಸ್ತರು ಹಾಕಿ ಒಂದು ಮೈಯನ್ನು ಮುಚ್ಚುವುದಕ್ಕಿಂತ ಹೊರಕ್ಕೆ ಮಡಚಿಕೊಳ್ಳುವ ಅಗಲವಾದ ಕಾಲರನ್ನೋ ಒಳಮೈ ಹೊರಗಾಗಿಸಿಯೂ ತೊಡಬಹುದಾದ ಮೇಲಂಗಿಯನ್ನೋ ಯೋಚಿಸುವುದು ಲೇಸು. ಮೇಣ ಅಥವಾ ಮಣ್ಣಿನ ತಡೆಯಿಂದ ಅಚ್ಚಾದ ಬಟ್ಟೆಗಳಲ್ಲಿ ಹಿಂಬದಿ ಕೆಲವೊಮ್ಮೆ ಮಂಕಾಗಿರುತ್ತದೆ, ಆ ಮಂಕುತನವೂ ಬಳಕೆಗೆ ಬರುತ್ತದೆ.

ಎರಡನೆಯ ಹಂತ: ಇದು ಯಾರದು ಎಂದು ಕೇಳಿಕೊಳ್ಳಿ

ಇದನ್ನು ನೈತಿಕ ಉಪದೇಶವೆಂದು ದಾಟಿಬಿಡುವವರು ಬಹಳ. ಆದರೆ ಇದು ನೇರವಾಗಿ ವಿನ್ಯಾಸದ ಹಂತವೇ ಆಗಿದೆ. 2015ರಲ್ಲಿ ಫ್ರಾನ್ಸಿನ ವಿನ್ಯಾಸಕಿಯೊಬ್ಬರ ಕುಪ್ಪಸವು ಮೆಕ್ಸಿಕೊದ ಒಹಾಕಾ ರಾಜ್ಯದ ಸಾಂತಾ ಮರಿಯಾ ತ್ಲಾವಿತೊಲ್ತೆಪೆಕ್ ಊರಿನ ಮಿಹೆ ಸಮುದಾಯದ ಸಾಂಪ್ರದಾಯಿಕ ಕುಪ್ಪಸವನ್ನೇ ಹೋಲುತ್ತದೆಂದು ದೊಡ್ಡ ವಿವಾದ ಎದ್ದಿತು. ಅಮೆರಿಕದಲ್ಲಿ ನವಾಹೊ ಜನಾಂಗದ ಸರ್ಕಾರ ತನ್ನ ಹೆಸರನ್ನು ಸರಕುಗಳಿಗೆ ಬಳಸಿದ ಬಟ್ಟೆ ಕಂಪನಿಯೊಂದರ ವಿರುದ್ಧ 2012ರಲ್ಲಿ ಹೂಡಿದ ಮೊಕದ್ದಮೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು. ಮೆಕ್ಸಿಕೊ 2022ರ ಜನವರಿಯಲ್ಲಿ ಮೂಲನಿವಾಸಿ ಮತ್ತು ಆಫ್ರೋ-ಮೆಕ್ಸಿಕನ್ ಸಮುದಾಯಗಳ ಸಾಂಸ್ಕೃತಿಕ ಸ್ವತ್ತನ್ನು ರಕ್ಷಿಸುವ ಕಾನೂನನ್ನೇ ಜಾರಿಗೆ ತಂದಿತು. ಭಾರತದಲ್ಲಿ 1999ರ ಭೌಗೋಳಿಕ ಸೂಚಿಕೆ ಕಾಯ್ದೆ ಹೆಸರಿನ ಬಳಕೆಯನ್ನು ನಿಯಂತ್ರಿಸುತ್ತದೆ: ಉತ್ತರ ಕರ್ನಾಟಕದ ಕಸೂತಿಯಂತೆ ಕಾಣುವ ಯಂತ್ರದ ಹೊಲಿಗೆಯನ್ನು ಕಸೂತಿ ಎಂದು ಕರೆದು ಮಾರುವುದು ಕಾನೂನಿನ ಪ್ರಕಾರವೂ ತಕರಾರಿಗೆ ಎಡೆಕೊಡುವ ಕೆಲಸ.

ಹಾಗೆಂದು ಪ್ರತಿಯೊಂದು ಬಟ್ಟೆಗೂ ಒಬ್ಬನೇ ಒಡೆಯನಿದ್ದಾನೆ ಎಂದುಕೊಳ್ಳುವುದೂ ತಪ್ಪು. ಆಫ್ರಿಕಾದ ಗುರುತೆಂದೇ ಜಗತ್ತು ತಿಳಿದಿರುವ ಮೇಣದಚ್ಚಿನ ಬಟ್ಟೆಯ ಹುಟ್ಟು ಜಾವಾದ ಬಾಟಿಕ್‌ನಲ್ಲಿದೆ. ಡಚ್ ಕಾರ್ಖಾನೆಗಳು 19ನೆಯ ಶತಮಾನದಲ್ಲಿ ಅದನ್ನು ಯಂತ್ರದಿಂದ ಅನುಕರಿಸಿದವು, ಪಶ್ಚಿಮ ಆಫ್ರಿಕಾದ ಮಾರುಕಟ್ಟೆ ಅದನ್ನು ಒಪ್ಪಿಕೊಂಡಿತು, ಬಳಸಿ ಬಳಸಿ ಅಲ್ಲಿಯವರು ಅದನ್ನು ತಮ್ಮದಾಗಿಸಿಕೊಂಡರು. ಲಂಡನ್ನಿನಲ್ಲಿ ಹುಟ್ಟಿ ಲಾಗೋಸ್‌ನಲ್ಲಿ ಬೆಳೆದ ಕಲಾವಿದ ಯಿಂಕಾ ಶೋನಿಬಾರೆ ಇದೇ ಬಟ್ಟೆಯಿಂದ ಯುರೋಪಿನ ವಿಕ್ಟೋರಿಯಾ ಕಾಲದ ಉಡುಪುಗಳನ್ನು ಹೊಲಿಸಿ ತಲೆಯಿಲ್ಲದ ಗೊಂಬೆಗಳಿಗೆ ತೊಡಿಸುತ್ತಾರೆ. 2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಇರಿಸಿದ, ಸೀಸೆಯೊಳಗಿನ ನೌಕಾಪತಿ ನೆಲ್ಸನ್‌ನ ಹಡಗಿಗೆ ಅವರು ಕಟ್ಟಿದ ಹಾಯಿಗಳೂ ಈ ಬಟ್ಟೆಯ ವಿನ್ಯಾಸಗಳನ್ನೇ ಹೊತ್ತಿದ್ದವು. ಮಿಶ್ರಣದ ಇತಿಹಾಸವನ್ನು ಮುಚ್ಚಿಡದೆ ಅದನ್ನೇ ಕೃತಿಯ ವಿಷಯವನ್ನಾಗಿ ಮಾಡುವುದು ಹೇಗೆಂದು ಕಲಿಯಲು ಅವರ ಕೆಲಸಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕಾರ್ಯರೂಪದಲ್ಲಿ ಮಾಡಬೇಕಾದ್ದು ಹೀಗೆ. ಪೂಜೆ, ದೀಕ್ಷೆ, ಶವಸಂಸ್ಕಾರ ಮುಂತಾದ ಸಂದರ್ಭಗಳಿಗೇ ಮೀಸಲಾದ ಚಿಹ್ನೆಗಳನ್ನು ಬಿಟ್ಟುಬಿಡಿ. ವಿನ್ಯಾಸವನ್ನು ನಕಲು ಮಾಡಿ ಬೇರೆಡೆ ಅಚ್ಚು ಹಾಕಿಸುವುದಕ್ಕೆ ಬದಲು ಆ ಬಟ್ಟೆಯನ್ನು ನೇಯುವವರಿಂದಲೇ ಅಥವಾ ಅವರ ಸಹಕಾರ ಸಂಘದಿಂದಲೇ ಕೊಳ್ಳಿ. ಮಾರಾಟಕ್ಕೆ ಹೊಲಿಯುವುದಾದರೆ ಲೇಬಲ್ಲಿನಲ್ಲಿ ನೇಯ್ಗೆಯ ಹೆಸರು, ಊರು ಮತ್ತು, ಅವರು ಒಪ್ಪಿದರೆ, ನೇಕಾರರ ಹೆಸರು ಇರಲಿ.

ಮೂರನೆಯ ಹಂತ: ಬಟ್ಟೆಯ ಪರೀಕ್ಷೆ

ಅಂಚಿನಿಂದ ನಾಲ್ಕೈದು ಎಳೆಗಳನ್ನು ಬಿಡಿಸಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯ ಎಳೆ ಕಾಗದದಂತೆ ಉರಿದು ಹಗುರವಾದ ಬೂದಿ ಬಿಡುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಯಾಕೆಂದರೆ ಎರಡೂ ಒಂದೇ ನೂಲಿನವು ಆಗಿರಲೇಬೇಕೆಂದಿಲ್ಲ.

ಬಣ್ಣದ ಪರೀಕ್ಷೆಗೆ ಬಿಳಿಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಬಟ್ಟೆಯ ಮೂಲೆಯಲ್ಲಿ ಹತ್ತು ಸಲ ಉಜ್ಜಿ. ನೀಲಿಯ (ಇಂಡಿಗೊ) ಬಣ್ಣ ಎಳೆಯ ಹೊರಮೈಯಲ್ಲೇ ಕೂರುವ ಸ್ವಭಾವದ್ದಾದ್ದರಿಂದ ಸ್ವಲ್ಪ ಹತ್ತಿಕೊಳ್ಳುವುದು ಸಹಜ. ಅಂಥ ಬಟ್ಟೆಯ ಪಕ್ಕದಲ್ಲಿ ತಿಳಿಬಣ್ಣದ ಅಸ್ತರನ್ನೋ ಬಿಳಿ ಕಾಲರನ್ನೋ ಇಡದಿರುವುದೇ ಪರಿಹಾರ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಒಮ್ಮೆ ಹಾಕಿ ಮುಗಿದ ಬಣ್ಣದ ಮೇಲೆ ಉಪ್ಪು ಅಂಥ ಪರಿಣಾಮವನ್ನೇನೂ ಮಾಡುವುದಿಲ್ಲ.

ಕೈಮಗ್ಗದ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವಾಗಲೇ ಇಸ್ತ್ರಿ ಮಾಡಿ. ಹಾಸಿನ ಎಳೆಗಳಿಗೆ ನೇಯುವಾಗ ಹಾಕಿದ ಗಂಜಿ ಇಳಿದ ಮೇಲೆ ಬಟ್ಟೆಯ ನಿಜವಾದ ಮೃದುತ್ವ ತಿಳಿಯುತ್ತದೆ. ಎಷ್ಟೋ ಸಲ ಕೋಟಿಗೆ ಸೂಕ್ತವೆಂದು ತಂದ ಬಟ್ಟೆ ಈ ಸ್ನಾನದ ನಂತರ ಅಂಗಿಗಷ್ಟೇ ಸರಿ ಎಂದು ಗೊತ್ತಾಗುತ್ತದೆ. ಬಟ್ಟೆ ನೂರಕ್ಕೆ ಐದರಷ್ಟು ಕುಗ್ಗಬಹುದು, ಕೆಲವು ಅದಕ್ಕಿಂತಲೂ ಹೆಚ್ಚು. ಆದ್ದರಿಂದ 2.5 ಮೀಟರ್ ಬೇಕಾದಲ್ಲಿ 2.75 ಮೀಟರ್ ಕೊಳ್ಳಬೇಕು. ಜರಿ ಮತ್ತು ರೇಷ್ಮೆಯ ಬಟ್ಟೆಗೆ ಈ ಸ್ನಾನ ಬೇಡ, ಅವುಗಳಿಂದಾದ ಉಡುಪನ್ನು ಮುಂದೆಯೂ ಡ್ರೈಕ್ಲೀನ್ ಮಾಡಿಸುವುದೇ ಸರಿ.

ನಾಲ್ಕನೆಯ ಹಂತ: ಕಾಗದದ ಮೇಲೆ

ಉಡುಪಿನಲ್ಲಿ ಯಾವುದು ಮಾತನಾಡಬೇಕು ಎಂಬುದನ್ನು ಇಲ್ಲಿ ತೀರ್ಮಾನಿಸಬೇಕು. ಬಟ್ಟೆ ಗಾಢ ವಿನ್ಯಾಸದ್ದಾಗಿದ್ದರೆ ಆಕಾರ ಸರಳವಾಗಿರಲಿ: ನೇರ ತೋಳು, ಕಡಿಮೆ ಹೊಲಿಗೆ, ಮೈಯಾಕಾರಕ್ಕೆ ಹಿಡಿಯುವ ಡಾರ್ಟ್ ಮಡಿಕೆಗಳಿಲ್ಲದ ಮೈ. ಬಟ್ಟೆ ಏಕವರ್ಣದ್ದಾಗಿ, ನೇಯ್ಗೆಯ ಮೈವಳಿಕೆಯೇ ಅದರ ಸೊಬಗಾಗಿದ್ದರೆ ಆಕಾರದಲ್ಲಿ ಧೈರ್ಯ ತೋರಿಸಬಹುದು. ಬ್ರಿಟನ್ನಿನ ಝಾಂಡ್ರಾ ರೋಡ್ಸ್ ಬಟ್ಟೆಯ ಮೇಲಿನ ಅಚ್ಚಿನ ಗೆರೆಯನ್ನೇ ಅನುಸರಿಸಿ ಉಡುಪಿನ ಅಂಚನ್ನು ಕತ್ತರಿಸುತ್ತಿದ್ದರು. ಅಲ್ಲಿ ಚಿತ್ರ ಆಕಾರಕ್ಕೆ ತಲೆಬಾಗುವುದಿಲ್ಲ, ಆಕಾರವೇ ಚಿತ್ರಕ್ಕೆ ದಾರಿ ಬಿಡುತ್ತದೆ. ದೊಡ್ಡ ಗಾತ್ರದ ಅಚ್ಚುಗಳಿರುವ ಬಟ್ಟೆಗೆ ಇದು ಇಂದಿಗೂ ಅನುಸರಿಸಬಹುದಾದ ಉಪಾಯ.

ಬಟ್ಟೆಯ ಉದ್ದಗಲಗಳನ್ನು ಹತ್ತಕ್ಕೆ ಒಂದರ ಪ್ರಮಾಣದಲ್ಲಿ ಚೌಕಳಿ ಕಾಗದದ ಮೇಲೆ ಬರೆದು, ಅಂಚು, ಸೆರಗು, ಬುಟ್ಟಾಗಳ ಜಾಗವನ್ನು ಗುರುತಿಸಿ, ಉಡುಪಿನ ತುಂಡುಗಳನ್ನು ಅದೇ ಪ್ರಮಾಣದ ಕಾಗದದಲ್ಲಿ ಕತ್ತರಿಸಿ ಅದರ ಮೇಲೆ ಸರಿಸಾಡಿಸಿ ನೋಡಿ. ಅಂಚು ಎದೆಯ ಅತ್ಯಂತ ಅಗಲವಾದ ಜಾಗದಲ್ಲಿ ಅಡ್ಡಲಾಗಿ ಬರದಂತೆಯೂ, ಬುಟ್ಟಾಗಳು ಎದೆಯ ಎರಡೂ ಬದಿ ಜೋಡಿಯಾಗಿ ಕೂತು ಮುಜುಗರ ತರದಂತೆಯೂ ನೋಡಿಕೊಳ್ಳಬೇಕು. ಈ ಆಟಕ್ಕೆ ಒಂದು ಸಂಜೆ ಹೋದರೂ ಚಿಂತೆಯಿಲ್ಲ.

ಐದನೆಯ ಹಂತ: ಲೆಕ್ಕ, ಮಾದರಿ, ಕತ್ತರಿ

ಒಂದು ನಿಜವಾದ ಲೆಕ್ಕವನ್ನೇ ನೋಡೋಣ. ಕುಗ್ಗಿದ ನಂತರ 2.5 ಮೀಟರ್ ಉದ್ದ, 115 ಸೆಂ.ಮೀ. ಅಗಲ ಇರುವ, ಎರಡೂ ಬದಿಗೆ ಅಂಚಿರುವ ಬಟ್ಟೆಯಿಂದ 92 ಸೆಂ.ಮೀ. ಎದೆಸುತ್ತಳತೆಯವರಿಗೆ ಮುಂದೆ ತೆರೆದಿರುವ ಸಡಿಲ ಜಾಕೆಟ್ ಮಾಡಬೇಕಾಗಿದೆ. ಸಡಿಲಿಕೆಗೆ 20 ಸೆಂ.ಮೀ. ಸೇರಿಸಿದರೆ ಸುತ್ತಳತೆ 112. ಬಟ್ಟೆಯನ್ನು ಅಡ್ಡಲಾಗಿ, ಅಂದರೆ ಅಂಚು ಕೆಳಗೆ ಬರುವಂತೆ ಬಳಸಿದರೆ, 120 ಸೆಂ.ಮೀ. ಉದ್ದದ ಒಂದೇ ತುಂಡು ಇಡೀ ಮೈಯನ್ನು ಸುತ್ತುತ್ತದೆ. ಪಕ್ಕದ ಹೊಲಿಗೆಯೇ ಬೇಕಾಗುವುದಿಲ್ಲ, ಅಂಚು ಎಲ್ಲಿಯೂ ಮುರಿಯದೆ ಸುತ್ತ ಓಡುತ್ತದೆ. ಜಾಕೆಟ್ಟಿನ ಎತ್ತರ 90 ಸೆಂ.ಮೀ. ಇಟ್ಟರೆ ಮೇಲೆ ಉಳಿಯುವ 25 ಸೆಂ.ಮೀ. ಪಟ್ಟಿಗೆ ಇನ್ನೊಂದು ಅಂಚು ಇರುತ್ತದೆ, ಅದು ಕುತ್ತಿಗೆಯಿಂದ ಮುಂಭಾಗಕ್ಕೆ ಇಳಿಯುವ ಪಟ್ಟಿಯಾಗುತ್ತದೆ.

ತೋಳಿನ ಸುತ್ತಳತೆ 44 ಸೆಂ.ಮೀ. ಎಂದುಕೊಂಡು ಹೊಲಿಗೆಗೆ 3 ಸೇರಿಸಿದರೆ 47. ಬಟ್ಟೆಯ ಅಗಲ 115 ಇರುವುದರಿಂದ ಒಂದು ತೋಳನ್ನು ಈ ಅಂಚಿನಿಂದ, ಇನ್ನೊಂದನ್ನು ಆ ಅಂಚಿನಿಂದ ತಲಾ 52 ಸೆಂ.ಮೀ. ತೆಗೆದರೆ 47 ಸೆಂ.ಮೀ. ಉದ್ದದ ಒಂದೇ ತುಂಡಿನಲ್ಲಿ ಎರಡೂ ತೋಳು ದೊರೆತು, ಎರಡರ ಮಣಿಕಟ್ಟಿನಲ್ಲೂ ಅಂಚು ಬರುತ್ತದೆ. ಇಲ್ಲಿಯವರೆಗೆ ಬಳಸಿದ್ದು 167 ಸೆಂ.ಮೀ. ಉಳಿದ 83 ಸೆಂ.ಮೀ. ಬಟ್ಟೆಯಲ್ಲಿ ಜೇಬು ಮತ್ತು ಕಂಕುಳಿನ ಚೌಕ ತುಂಡುಗಳು ಹೊರಡುತ್ತವೆ. ಮುಂಭಾಗದ ಪಟ್ಟಿಗೆ ಉದ್ದ ಸಾಲದು, ಅದಕ್ಕೆ 120 ಸೆಂ.ಮೀ. ಪಟ್ಟಿಯ ನಡುವನ್ನು ಕತ್ತಿನ ಹಿಂದೆ ಇರಿಸಿ, ಉಳಿದ ಬಟ್ಟೆಯ ಎರಡು ಅಂಚುಗಳನ್ನು ಎರಡೂ ಕಡೆ ಒಂದೇ ಎತ್ತರದಲ್ಲಿ ಜೋಡಿಸಿ. ಕದ್ದು ಮುಚ್ಚುವುದಕ್ಕಿಂತ ಸಮವಾಗಿ ತೋರಿಸಿದ ಜೋಡಣೆ ಚೆನ್ನಾಗಿ ಕಾಣುತ್ತದೆ.

ಮೈತುಂಡಿನಲ್ಲಿ ಎರಡೂ ತುದಿಯಿಂದ ಸುಮಾರು 30 ಸೆಂ.ಮೀ. ಒಳಗೆ, ಮೇಲಿನಿಂದ ಕೆಳಕ್ಕೆ 23 ಸೆಂ.ಮೀ. ಸೀಳಿದರೆ ತೋಳು ಸೇರುವ ಜಾಗ ಸಿದ್ಧ. ಹೆಗಲು ಸಹಜ ಜಾಗಕ್ಕಿಂತ ಕೆಳಗೆ ಇಳಿಯುತ್ತದೆ, ಅದಕ್ಕಾಗಿಯೇ ತೋಳಿನ ಉದ್ದ 52 ಸಾಕಾಯಿತು. ಸೀಳಿನ ಕೊನೆಯಲ್ಲಿ 10 ಸೆಂ.ಮೀ. ಚೌಕದ ತುಂಡನ್ನು ಮೂಲೆಯಾಗಿ ತಿರುಗಿಸಿ ಕೂರಿಸಬೇಕು, ಇಲ್ಲವಾದರೆ ಕೈ ಎತ್ತಿದಾಗ ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ಕತ್ತಿನ ಹಿಂದೆ 16 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ ತಗ್ಗು, ಇಡೀ ಜಾಕೆಟ್ಟಿನಲ್ಲಿ ಬಾಗಿದ ಗೆರೆ ಅದೊಂದೇ.

ಇದಕ್ಕೊಂದು ಷರತ್ತಿದೆ. ಬಟ್ಟೆಯನ್ನು ಅಡ್ಡ ಬಳಸಿದಾಗ ಚಿತ್ರಗಳೂ ಅಡ್ಡವಾಗುತ್ತವೆ. ಹಕ್ಕಿ, ಆನೆ, ಗೋಪುರಗಳಿರುವ ಬಟ್ಟೆ ಈ ವಿಧಾನಕ್ಕೆ ಒಗ್ಗಬೇಕೆಂದಿಲ್ಲ, ಪಟ್ಟೆ, ಚೌಕಳಿ, ಚುಕ್ಕಿಗಳಾದರೆ ತೊಂದರೆಯಿಲ್ಲ. ಮೂಲ ಬಟ್ಟೆಗೆ ಕೈ ಹಾಕುವ ಮೊದಲು ಅದೇ ದಪ್ಪದ ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆಯ ಮಾದರಿ ಮಾಡಿ, ತೊಟ್ಟು, ಕೂತು, ಕೈ ಎತ್ತಿ ನೋಡಿ. ನೇಯ್ದ ಬಟ್ಟೆಯ ಅಂಚು ನೇರವಿದ್ದರೂ ಹೊಕ್ಕು ಸೊಟ್ಟಗಿರುವುದುಂಟು. ಒಂದು ಹೊಕ್ಕಿನ ಎಳೆಯನ್ನು ಎಳೆದು ತೆಗೆದು, ಅದು ಬಿಟ್ಟ ಗೆರೆಯ ಮೇಲೆಯೇ ಕತ್ತರಿ ಆಡಿಸಬೇಕು.

ಆರನೆಯ ಹಂತ: ಹೊಲಿಗೆ

ಕೈಮಗ್ಗದ ಬಟ್ಟೆ, ಅದರಲ್ಲೂ ತೆಳುವಾದ ರೇಷ್ಮೆ, ಹೊಲಿಗೆಯ ಬಳಿ ಎಳೆ ಸರಿದು ಬಾಯಿ ಬಿಡುತ್ತದೆ. ಇದಕ್ಕೆ ಮದ್ದು ಬಿಗಿಯಾದ ಉಡುಪು ಹೊಲಿಯದಿರುವುದು, ಮತ್ತು ಒಳಮೈಗೆ ತಾಗುವಂತೆ ಹಗುರವಾದ ಮಲ್ (ತೆಳು ಹತ್ತಿ) ಬಟ್ಟೆಯನ್ನು ಪ್ರತಿ ತುಂಡಿನ ಹಿಂದೆ ಇಟ್ಟು ಎರಡನ್ನೂ ಒಂದಾಗಿ ಹೊಲಿಯುವುದು. ರೇಷ್ಮೆಗೆ 9 ಅಥವಾ 11ನೇ ನಂಬರಿನ ಹೊಸ ಸೂಜಿ, ಮಧ್ಯಮ ಹತ್ತಿಗೆ 14. ಹೊಲಿಗೆಯ ಉದ್ದ 2ರಿಂದ 2.5 ಮಿ.ಮೀ. ಇರಲಿ. ಅಸ್ತರಿಲ್ಲದ ಉಡುಪಿಗೆ ಫ್ರೆಂಚ್ ಹೊಲಿಗೆ ಉತ್ತಮ: ಮೊದಲು ಒಳಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು ತುದಿಯ ಸಮೀಪ ಹೊಲಿದು, ಕತ್ತರಿಸಿ, ತಿರುಗಿಸಿ, ಕಚ್ಚಾ ಅಂಚು ಒಳಗೆ ಸೇರುವಂತೆ ಮತ್ತೆ ಹೊಲಿಯುವುದು. ಓವರ್‌ಲಾಕ್ ಬೇಗ ಮುಗಿಯುತ್ತದೆ, ಆದರೆ ಇಂಥ ಬಟ್ಟೆಯ ಒಳಮೈಯಲ್ಲಿ ಅದು ಅಗ್ಗವಾಗಿ ಕಾಣುತ್ತದೆ. ಅಂಚಿನ ಗಟ್ಟಿ ಎಳೆಗಳೇ ಕೆಳತುದಿಯಾದ ಕಡೆ ಮಡಚುವ ಅಗತ್ಯವೂ ಇಲ್ಲ. ಜರಿಯ ಮೇಲೆ ಇಸ್ತ್ರಿ ಮಾಡುವಾಗ ಮೇಲೊಂದು ಹತ್ತಿ ಬಟ್ಟೆ ಹಾಸಿ, ಬಿಸಿ ಕಡಿಮೆ ಇಡಿ. ಮೈ ಕೆರೆಯುವ ಜರಿಯಿದ್ದರೆ ಕುತ್ತಿಗೆಯ ಒಳಭಾಗಕ್ಕೆ ಮೆತ್ತನೆಯ ಪಟ್ಟಿ ಕೊಡಿ.

ಏಳನೆಯ ಹಂತ: ಕೈಹೊಲಿಗೆಯ ಅಲಂಕಾರ

ಇದು ಕಡ್ಡಾಯವಲ್ಲ. ಬೇಕೆಂದರೆ ಆಯಾ ಹೊಲಿಗೆಯ ಸ್ವಭಾವವೇ ಜಾಗವನ್ನು ನಿರ್ಧರಿಸಲಿ. ಕಸೂತಿಯನ್ನು ಎಳೆಗಳನ್ನು ಎಣಿಸಿ ಹಾಕುತ್ತಾರೆ, ನಕ್ಷೆ ಬರೆದುಕೊಳ್ಳುವುದಿಲ್ಲ, ಗಂಟೂ ಹಾಕುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಎರಡೂ ಮೈಯಲ್ಲಿ ಒಂದೇ ರೀತಿ ಕಾಣುವುದರಿಂದ ಮಡಚುವ ತೋಳುಪಟ್ಟಿಗೂ ಕಾಲರಿಗೂ ಅವು ಹೇಳಿ ಮಾಡಿಸಿದಂತಿವೆ. ಎಣಿಕೆ ತಪ್ಪದಿರಲು ತುಂಡು ಸಪಾಟಾಗಿರುವಾಗಲೇ, ಆರನೆಯ ಹಂತದಲ್ಲಿ ಜೋಡಿಸುವ ಮೊದಲೇ ಕಸೂತಿ ಮುಗಿಯಬೇಕು. ಜಪಾನಿನ ಸಾಶಿಕೊ ಹುಟ್ಟಿದ್ದು ಬಟ್ಟೆಯನ್ನು ಗಟ್ಟಿಗೊಳಿಸಲು ಮತ್ತು ತೇಪೆ ಹಾಕಲು. ಆದ್ದರಿಂದ ಅದು ಮೊಣಕೈ, ಜೇಬಿನ ಬಾಯಿ, ಹೆಗಲಿನಂಥ ಸವೆಯುವ ಜಾಗಗಳಲ್ಲಿ ಅರ್ಥಪೂರ್ಣವಾಗಿ ಕಾಣುತ್ತದೆ, ಎದೆಯ ನಡುವೆ ಚಿತ್ರದಂತೆ ಹಾಕಿದರೆ ಪೊಳ್ಳಾಗುತ್ತದೆ. ಬಂಗಾಳದ ಕಾಂಥಾ ಹಳೆಯ ಸೀರೆಗಳ ಪದರಗಳನ್ನು ಸೇರಿಸುವ ಹೊಲಿಗೆಯಾದ್ದರಿಂದ ಪದರಗಳಿರುವ ಚಳಿಯ ಉಡುಪಿಗೆ ಒಪ್ಪುತ್ತದೆ.

ಉಳಿದ ಚೂರುಗಳನ್ನು ಗೋಡೆಯ ಮೇಲಿನ ಕೃತಿಗೆ ಬಳಸಬಯಸುವವರು ಘಾನಾದ ಕಲಾವಿದ ಎಲ್ ಅನಾಟ್ಸುಯಿ ಅವರ ಕೆಲಸವನ್ನು ನೋಡಬೇಕು. ಚಪ್ಪಟೆ ಮಾಡಿದ ಸೀಸೆ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದು ಅವರು ಗೋಡೆಯಗಲದ ಹೊದಿಕೆಗಳನ್ನು ಮಾಡುತ್ತಾರೆ. ಅದರಲ್ಲಿ ಕೆಂಟೆಯ ಒಂದು ಎಳೆಯೂ ಇಲ್ಲ, ಆದರೂ ಸಣ್ಣ ತುಂಡುಗಳನ್ನು ಪಟ್ಟಿಯಾಗಿಸಿ, ಪಟ್ಟಿಗಳನ್ನು ಹೊದಿಕೆಯಾಗಿಸುವ ಕೆಂಟೆಯ ತರ್ಕ ಮಾತ್ರ ಹಾಗೆಯೇ ಇದೆ.

ತೊಡುವಾಗ ಮತ್ತು ಎತ್ತಿಡುವಾಗ

ಇಂಥ ಜಾಕೆಟ್ಟಿನ ಜೊತೆಗೆ ಚಿತ್ತಾರವಿಲ್ಲದ, ಆಕಾರ ಸ್ಪಷ್ಟವಾದ ಉಡುಪುಗಳು ಸಾಕು: ಸಾದಾ ಪ್ಯಾಂಟು, ಒಂದೇ ಬಣ್ಣದ ಒಳ ಅಂಗಿ. ಆಭರಣವೂ ಅದೇ ಪರಂಪರೆಯದಾಗಿದ್ದರೆ ಉಡುಪು ವೇಷವಾಗಿ ಕಾಣುವ ಅಪಾಯವಿದೆ. ಸುಗಂಧದ್ರವ್ಯವನ್ನು ಜರಿಯ ಮೇಲೆ ಸಿಂಪಡಿಸಬೇಡಿ, ಅದು ಕಪ್ಪಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿಯುವುದರಿಂದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಮತ್ತು ಕೆಲವು ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ ಬೇರೆ ಗೆರೆಯ ಮೇಲೆ ಮಡಚಿಡಿ, ಯಾಕೆಂದರೆ ರೇಷ್ಮೆ ಮೊದಲು ಸೀಳುವುದು ಬಹಳ ಕಾಲ ಒಂದೇ ಕಡೆ ಬಿದ್ದ ಮಡಿಕೆಯ ಉದ್ದಕ್ಕೇ.